ಬಟ್‌ಗೆ ಮೊದಲಿನ ಮಾತು

‘ಬಟ್’ ಎಂದ ಮೇಲೆ ಮೇಷ್ಟ್ರು ಏನು ಹೇಳುವವರಿದ್ದರು? ‘ಬಟ್ ಮೊದಲು ನಿನ್ನ ಕೆಲಸ ಒಂದು ಗಟ್ಟಿಯಾಗಲಿ’ ಎಂದಿರಬಹುದೆ? ‘ಬಟ್ ಅವಳ ಅಮ್ಮನನ್ನೂ ಒಂದು ಮಾತು ಕೇಳು’ ಎಂದೆ? ಇಲ್ಲಾ ‘ಬಟ್ ನಮ್ಮಕ್ಕ ಬಿಡಬೇಕಲ್ಲಪ್ಪ’ ಎಂದೆ? ಹಿರಿಯೂರಿನಿಂದ ಹೊಸದುರ್ಗಕ್ಕೆ ಹೊರಟ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತ ನಿರಂಜನ ಒಂದೊಂದನ್ನೂ ಮೇಷ್ಟ್ರ ದನಿಯಲ್ಲೇ ಒಳಗೊಳಗೆ ಹೇಳಿ ನೋಡುತ್ತಿದ್ದ. ಎಲ್ಲವೂ ಅವರ ಬಾಯಿಗೆ ಒಪ್ಪುತ್ತಿದ್ದವು. ಅವನ ಸಂಕಟವೇ ಅದು. ಒಂದಾದರೂ ಒಪ್ಪದೆ ಹೋಗಿದ್ದರೆ ಅದನ್ನಷ್ಟಾದರೂ ಮನಸ್ಸಿನಿಂದ ತೆಗೆದು ಆಚೆ ಇಡಬಹುದಿತ್ತು.

ಹಿಂದಿನ ದಿನ ಸಂಜೆ ಮೇಷ್ಟ್ರ ಮಗಳು ಕಾವ್ಯಶ್ರೀ ಫೋನ್ ಮಾಡಿದ್ದಳು.

‘ನಾಳೆ ಅತ್ತೆ ಬಿ.ದುರ್ಗದಿಂದ ವೀಳ್ಯ ತರ್ತಾರೆ. ಜಯಕುಮಾರನೂ ಬರ್ತಾನೆ. ಅಪ್ಪನ ಬಾಯಿಂದ ಮಾತು ಬರ್ಬೇಕಂತೆ. ಅಪ್ಪನ ಬಾಯಾಗೆ ಉಳಿದಿರೋದೇ ಆ ಒಂದು ಮಾತು. ಅದರ ಅರ್ಥ ಹೇಳಾಕೆ ಇಂಗ್ಲಿಷ್ ಓದಿದೋರು ಒಬ್ರು ಇರ್ಲಿ ಅಂತ ಕಾಟಲಿಂಗಪ್ಪಜ್ಜ ಅಂದೈತೆ.’

‘ನೀನು ಕರಿತಿಲ್ವಾ?’

‘ಬಾ ನಿರಂಜನ್,’ ಎಂದಷ್ಟೇ ಹೇಳಿ ಅವಳು ಇಟ್ಟುಬಿಟ್ಟಿದ್ದಳು.

ಆ ‘ಬಾ’ದಲ್ಲಿ ಏನಿತ್ತು ಎಂಬುದು ಅವನಿಗೆ ಗೊತ್ತಿತ್ತು. ನಾಳೆ ವೀಳ್ಯ ನಡೆದರೆ ಅವಳು ಅತ್ತೆಯ ಮಗ ಜಯಕುಮಾರನ ಪಾಲು. ನಡೆಯದಂತೆ ತಡೆಯುವ ಮಾತು ಯಾರದಾದರೂ ಇದ್ದರೆ ಅದು ಮೇಷ್ಟ್ರದು, ಮೇಷ್ಟ್ರಿಗೆ ಮಾತಿಲ್ಲ. ಆ ಮಾತನ್ನು ಬಿಡಿಸಿ ಹೇಳಬಲ್ಲವನು ತಾನೊಬ್ಬ.

ತಿಪ್ಪಯ್ಯ ಮೇಷ್ಟ್ರು ಬಾಗೂರಿನಲ್ಲಿ ಎರಡು ತಲೆಮಾರಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರಿಗೆ ಸಣ್ಣ ಸಣ್ಣ ಪದಗಳ ಮೇಲೆ ವಿಪರೀತ ಪ್ರೀತಿ. ದೊಡ್ಡ ಪದದ ಅರ್ಥ ಡಿಕ್ಷನರಿಯಲ್ಲಿ ಸಿಕ್ಕುತ್ತದೆ, ಸಣ್ಣ ಪದದ್ದು ಮನುಷ್ಯರ ಹತ್ತಿರ ಮಾತ್ರ ಸಿಕ್ಕುತ್ತದೆ ಎನ್ನುತ್ತಿದ್ದರು. ಬಟ್ ಪದಕ್ಕಂತೂ ವಾರಗಟ್ಟಲೆ ಪಾಠ. ಬಸ್ಸು ಬಂತು, ಬಟ್ ನಿಲ್ಲಲಿಲ್ಲ ಎಂದು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು ತಿರುಗುತ್ತಿದ್ದರು.

‘ಬಸ್ಸು ಬಂದಿದ್ದು ಸುಳ್ಳೇನ್ರೋ?’

‘ಅಲ್ಲ ಸಾರ್.’

‘ನಿಲ್ಲದೇ ಹೋಗಿದ್ದು?’

‘ಅದೂ ಅಲ್ಲ ಸಾರ್. ದಿನಾ ನಿಲ್ಸಲ್ಲ ಸಾರ್.’

‘ಹಂಗಾದ್ರೆ ತಿಳ್ಕಳ್ರಿ. ಬಟ್ ಬಂದ ಕೂಡ್ಲೆ ಹಿಂದಿನ ಮಾತು ಸತ್ತೋಗಲ್ಲ. ಅದು ನಿಂತೇ ಇರ್ತದೆ. ಹಿಂದಿಂದೂ ಮುಂದಿಂದೂ ಸಮ. ಒಂದು ನೊಗಕ್ಕೆ ಎರಡು ಎತ್ತು. ಎಳೆಯೋ ದಿಕ್ಕು ಮಾತ್ರ ಬ್ಯಾರೆ.’

‘ಹೊಲ ಹೆಂಗೆ ಉಳಾದು ಸಾರ್?’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದ್ದರು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕಿದ್ದರು.

ಅವರದೊಂದು ರೂಢಿ ಇತ್ತು. ವಾಕ್ಯ ಶುರುಮಾಡಿ ಬಟ್ ತನಕ ಬಂದು ನಿಲ್ಲಿಸಿಬಿಡುವರು. ಕಣ್ಣು ಕಿಟಕಿಯ ಆಚೆ. ಇಡೀ ತರಗತಿ ಮುಂದಿನದಕ್ಕೆ ಕಾಯಬೇಕು. ಆ ನಡುವೆ ಬಾಯಿ ಹಾಕಿದವನು ಬೆಂಚಿನ ಮೇಲೆ ನಿಲ್ಲಬೇಕು. ಬೇರೆ ಹುಡುಗರಿಗೆ ಅದು ಆಟ. ನಿರಂಜನನಿಗೆ ಅದು ಬಲು ಇಷ್ಟದ ಹೊತ್ತು. ಮಾತು ಮುಗಿಯದೆ, ಮುಂದಿನದು ಇನ್ನೂ ಹುಟ್ಟದೆ ಇರುವ ಆ ಖಾಲಿಯಲ್ಲಿ ಕೂತಿರುವುದು ಅವನಿಗೆ ಕಲಿಸದೆ ಬಂತು. ಅವನು ಬೆಂಚಿನ ಮೇಲೆ ಒಮ್ಮೆಯೂ ನಿಲ್ಲಲಿಲ್ಲ.

ಮುಂದೆ ಇಂಗ್ಲಿಷ್ ಎಂಎ ಮಾಡಿದ. ಹಿರಿಯೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾದ. ಅತಿಥಿ ಎಂದರೆ ಹೆಸರಿಗೆ ತಕ್ಕಂತೆಯೇ, ಪ್ರತಿ ವರ್ಷ ಎದ್ದು ಹೋಗಿ ಮತ್ತೆ ಬಾಗಿಲು ತಟ್ಟಬೇಕು. ಊರಿಗೆ ಬಂದಾಗಲೆಲ್ಲ ಸಂಜೆ ಮೇಷ್ಟ್ರ ಜೊತೆ ಕೆರೆ ಏರಿಯ ಮೇಲೆ ನಡೆಯುವುದು, ರಾತ್ರಿ ಊಟಕ್ಕೆ ಅವರ ಮನೆಯಲ್ಲೇ ಉಳಿಯುವುದು. ಹೊಸದುರ್ಗದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಕಾವ್ಯಶ್ರೀ ಮುದ್ದೆ ಬಡಿಸುತ್ತಾ, ‘ಗೆಸ್ಟಿಗೆ ಇನ್ನೊಂದು ಹಾಕ್ಲಾ?’ ಎಂದು ರೇಗಿಸುತ್ತಿದ್ದಳು. ಇಬ್ಬರ ನಡುವೆ ಏನಿತ್ತೋ ಅದಕ್ಕೆ ಹೆಸರಿಟ್ಟಿರಲಿಲ್ಲ. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಇಟ್ಟಳು. ‘ಅತ್ತೆ ಸೋದರಿಕೆ ಅಂತ ಹಟ ಹಿಡಿದವ್ರೆ. ತಮ್ಮನ ಮಗಳು ಅಕ್ಕನ ಮಗಂಗೇ ಬರ್ಬೇಕಂತೆ. ನಿಂಗೆ ನಾನು ಬೇಕಂದ್ರೆ ಅಪ್ಪನ್ನ ನೀನೇ ಕೇಳು. ನಾನು ಕೇಳಲ್ಲ. ಒಬ್ಬ ಗಂಡಸು ನನಗೋಸ್ಕರ ಒಂದು ವಾಕ್ಯ ಪೂರ್ತಿ ಮಾತಾಡಿದ್ದು ನಾನು ನೋಡ್ಬೇಕು.’

ಅವನು ಕೇಳಿದ. ಅದೂ ಒಂದು ಸಂಜೆ, ಏರಿಯ ತೂಬಿನ ಹತ್ತಿರದ ಕಲ್ಲಿನ ಮೇಲೆ ಇಬ್ಬರೂ ಕೂತಾಗ. ಕೇಳಿ ಮುಗಿಸಿ, ಮುಖ ಕೊಟ್ಟು ನೋಡಲಾರದೆ, ನೀರಿನ ಕಡೆ ತಿರುಗಿಕೊಂಡ.

‘ಅವಳಿಗೆ ಇಷ್ಟಾನಾ?’ ಮೇಷ್ಟ್ರು ಕೇಳಿದರು.

‘ನಿಮ್ಮನ್ನ ಕೇಳು ಅಂದ್ಲು ಸಾರ್.’

ಮೇಷ್ಟ್ರು ನಕ್ಕರು. ನಗು ನಿಂತ ಮೇಲೆ, ‘ನಂದೇನೂ ಅಡ್ಡಿ ಇಲ್ಲಪ್ಪ,’ ಎಂದರು. ಉಸಿರು ತೆಗೆದುಕೊಂಡರು. ‘ಬಟ್...’

ನಿರಂಜನ ಕಾದ. ಹದಿನೈದು ವರ್ಷದ ಹುಡುಗನಾಗಿ ಹೇಗೆ ಕಾಯುತ್ತಿದ್ದನೋ ಹಾಗೆಯೇ ಕೈಕಟ್ಟಿಕೊಂಡು ಕಾದ. ಹಿರಿಯರು ಯೋಚಿಸುವಾಗ ಮುಖ ನೋಡಬಾರದು, ನೋಡಿದರೆ ಅವಸರ ಮಾಡಿದಂತೆ. ಮೇವಿಗೆ ಹೋದ ದನಗಳು ಏರಿಯ ಮೇಲೆ ಹಾಯ್ದು ಊರ ಕಡೆ ಹೋದವು. ಅವುಗಳ ಧೂಳು ಇಳಿಯಿತು. ಕೆರೆಯ ಆಚೆ ದಡದ ತೆಂಗಿನ ಸಾಲಿಗೆ ಬಿಸಿಲು ಹತ್ತಿ, ಆಮೇಲೆ ಬಿಟ್ಟಿತು. ಅವನಿಗೆ ಒಳಗೊಳಗೆ ಸುಖವೇ ಆಗುತ್ತಿತ್ತು: ಅಡ್ಡಿ ಇಲ್ಲ ಎಂದಾಗಿದೆ, ಇನ್ನು ಏನೇ ಬರಲಿ ಅದು ನಿಂತೇ ಇರುತ್ತದೆ. ಕೊನೆಗೆ ಅವರ ಭಾರ ಅವನ ಭುಜಕ್ಕೆ ತಾಗಿದಾಗಲೇ ತಿರುಗಿ ನೋಡಿದ್ದು. ಮೇಷ್ಟ್ರ ಬಾಯಿ ಒಂದು ಕಡೆಗೆ ಜಾರಿತ್ತು. ಬಲಗೈ ಕಲ್ಲಿನ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ಕಣ್ಣುಗಳು ಮಾತ್ರ ತೆರೆದು ಅವನನ್ನೇ ನೋಡುತ್ತಿದ್ದವು. ಎಷ್ಟು ಹೊತ್ತಿನಿಂದ ನೋಡುತ್ತಿದ್ದವೋ.

ಹಾಲಿನ ಗಾಡಿಯಲ್ಲಿ ಹೊಸದುರ್ಗ, ಅಲ್ಲಿಂದ ಆಂಬುಲೆನ್ಸಿನಲ್ಲಿ ಚಿತ್ರದುರ್ಗ. ಡಾಕ್ಟರು ಎಷ್ಟು ಹೊತ್ತಾಯಿತು ಎಂದು ಕೇಳಿದರು. ‘ಬಿದ್ದ ಕೂಡ್ಲೆ ಕರ್ಕಂಡು ಬಂದೆ ಸಾರ್,’ ಎಂದ. ಪ್ರಾಣ ಉಳಿಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಕೆಲವು ದಿನದ ಮೇಲೆ ಒಂದು ಪದ ತಿರುಗಿ ಬಂತು, ಅದೇ. ನೀರಿಗೂ ಅದೇ, ನೋವಿಗೂ ಅದೇ. ಇಂಥ ರೋಗಿಗಳಲ್ಲಿ ಕೆಲವರಿಗೆ ಕೊನೆಗೆ ಬಾಯಲ್ಲಿದ್ದ ಮಾತೇ ಉಳಿದುಬಿಡುವುದುಂಟು, ಆಗ ಏನು ಮಾತಾಡುತ್ತಿದ್ದರು ಎಂದು ಡಾಕ್ಟರು ಕಾವ್ಯಶ್ರೀಯ ಎದುರಿಗೇ ಕೇಳಿದರು. ಅವನು, ‘ಹಳೆ ಪಾಠದ ವಿಷಯ,’ ಎಂದ. ಡಾಕ್ಟರು ತಲೆಯಾಡಿಸಿ, ಇಂಥದರಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇರುತ್ತದೆ, ನೀವು ತಡಮಾಡದೆ ತಂದದ್ದು ಒಳ್ಳೆಯದಾಯಿತು ಎಂದರು. ಮೇಷ್ಟ್ರ ಹೆಂಡತಿ ಪಾರ್ವತಮ್ಮ ಅವನ ಕೈಹಿಡಿದು ಕಣ್ಣಿಗೊತ್ತಿಕೊಂಡರು.

ವರಾಂಡಕ್ಕೆ ಬಂದಾಗ ಕಾವ್ಯಶ್ರೀ, ‘ಕೇಳಿದ್ಯಾ?’ ಎಂದಳು.

‘ಕೇಳ್ಬೇಕು ಅಂತಲೇ ಹೋಗಿದ್ದೆ. ಅಷ್ಟರಾಗೆ ಹಿಂಗಾತು.’

ಅದಾಗಿ ಎರಡು ಬೇಸಿಗೆ ಕಳೆದಿದ್ದವು. ಅವಳು ಮತ್ತೆ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಹೇಳಲು ಹೊರಟರೆ ಮಾತು ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು: ಅಡ್ಡಿ ಇಲ್ಲ ಅಂದರು, ಬಟ್ ಅಂದರು, ಆಮೇಲೆ? ಆಮೇಲೆ ನೀನೇನು ಮಾಡಿದೆ ಎಂದು ಯಾರು ತಾನೇ ಕೇಳುವುದಿಲ್ಲ?

ಬಸ್ಸಿಳಿದು ಬಂದಾಗ ಮೇಷ್ಟ್ರ ಮನೆಯ ಮುಂದೆ ಚಪ್ಪರವೇನೂ ಇರಲಿಲ್ಲ. ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು. ಒಳಗಿನಿಂದ ಹೂರಣ ಬೇಯುವ ವಾಸನೆ ಬರುತ್ತಿತ್ತು. ಮೇಷ್ಟ್ರನ್ನು ನಡುಮನೆಯ ಕುರ್ಚಿಯಲ್ಲಿ ಕೂರಿಸಿ, ಹೊಸ ಪಂಚೆ ಉಡಿಸಿ, ಹೆಗಲಿಗೆ ಟವಲು ಹೊದಿಸಿದ್ದರು. ಅವನನ್ನು ನೋಡಿದ್ದೇ ಅವರ ಎಡಗೈ ಮೇಲೆದ್ದಿತು.

‘ಬಟ್,’ ಎಂದರು.

‘ಅದು ಬಾ ಅಂತ,’ ಎಂದರು ಪಾರ್ವತಮ್ಮ, ಸೆರಗಿಗೆ ಕೈ ಒರೆಸುತ್ತಾ ಅಡುಗೆಮನೆಯಿಂದ ಬಂದು. ‘ಬಾರಪ್ಪ ನಿರಂಜನ, ಕುಂತ್ಕಾ. ನಂಗೀಗ ಎಲ್ಲ ತಿಳಿತೈತೆ ಕಣಪ್ಪ. ಉದ್ದಕ್ಕೆ ಎಳೆದ್ರೆ ನೀರು. ಎರಡ್ಸಲ ಕಡಿದು ಕಡಿದು ಅಂದ್ರೆ ಬೆನ್ನು ಕೆರಿಬೇಕು. ಸಿಟ್ಟಾಗಿ ಅಂದ್ರೆ ಟೀವಿ ಬಂದ್ ಮಾಡ್ಬೇಕು. ನಲವತ್ತು ವರ್ಸ ಇವ್ರ ಇಂಗ್ಲೀಷ್ ನಂಗೆ ಒಂದಕ್ಸರ ತಿಳಿಲಿಲ್ಲ, ಈಗ ನೋಡು, ಪಾಸಾಗಿಬಿಟ್ಟೆ.’ ನಗುತ್ತಲೇ ಹೇಳಿದರು. ಆಮೇಲೆ ದನಿ ಇಳಿಸಿ, ‘ಕಾವ್ಯನ ಮದುವೆ ಮಾತೆತ್ತಿದಾಗ ಅಂತಾರಲ್ಲ, ಅದೊಂದು ಬಟ್ ಮಾತ್ರ ನಂಗೆ ಹತ್ತಲ್ಲ. ಯಾವುದರಂಗೂ ಇಲ್ಲ ಅದು. ದಿಟವಾಗ್ಲೂ ಏನಪ್ಪ ಅದರ ಅರ್ಥ?’

‘ಆದರೆ ಅಂತ, ಅಮ್ಮ.’

‘ಅಷ್ಟೇನಾ?’

‘ಅಷ್ಟೇ.’

‘ಆದರೆ ಅನ್ನಾಕೆ ಇಷ್ಟು ಒದ್ದಾಡ್ತಾರಾ?’ ಎಂದು ಅವರು ಗಂಡನ ಬಾಯಂಚನ್ನು ಟವಲಿನ ತುದಿಯಿಂದ ಒರೆಸಿ ಒಳಗೆ ಹೋದರು.

ಕಾವ್ಯಶ್ರೀ ಬಾಗಿಲ ಬಳಿ ಹಿತ್ತಾಳೆ ತಟ್ಟೆ ಹಿಡಿದು ನಿಂತಿದ್ದಳು. ಹಸಿರು ಸೀರೆ. ಅವನ ಕಡೆ ನೋಡಿದಳು. ಬಾ ಎಂದೂ ಅನ್ನಲಿಲ್ಲ.

ಬಿ.ದುರ್ಗದವರು ಬಂದದ್ದು ಒಂದೇ ಕಾರಿನಲ್ಲಿ. ಮೇಷ್ಟ್ರ ಅಕ್ಕ ಮುದ್ದಕ್ಕ ಮೊದಲು ಇಳಿದಳು, ಹೂವು ಹಣ್ಣು ತುಂಬಿದ ಬುಟ್ಟಿಯನ್ನು ಯಾರ ಕೈಗೂ ಕೊಡದೆ ತಾನೇ ಸೊಂಟಕ್ಕೆ ಏರಿಸಿಕೊಂಡಳು. ಹಿಂದೆ ಅವಳ ಮಗ ಜಯಕುಮಾರ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರಿಪೇರಿ ಕೆಲಸ ಅವನದು. ಗಟ್ಟಿಮುಟ್ಟಾದ, ಮೆತ್ತಗೆ ಮಾತಾಡುವ ಹುಡುಗ. ಮಾವನ ಕಾಲು ಮುಟ್ಟಿ, ಜಾರಿದ ಟವಲನ್ನು ಸರಿಮಾಡಿ ಪಕ್ಕದಲ್ಲೇ ನೆಲದ ಮೇಲೆ ಕೂತ. ಇವನು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ ನಿರಂಜನ.

‘ಏನೋ ತಿಪ್ಪ, ಬೀಗ್ತಿ ಬಂದೀನಿ, ಎದ್ದು ನಿಂತ್ಕಂಬಾರದಾ?’ ಎಂದು ಮುದ್ದಕ್ಕ ತಮ್ಮನ ಗಲ್ಲ ಹಿಡಿದಳು. ಕಣ್ಣಲ್ಲಿ ನೀರು ಬಂದದ್ದನ್ನು ಮರೆಸಲು ಮಗನ ಕಡೆ ತಿರುಗಿದಳು. ‘ನೋಡು, ಇವ್ನು ಅಷ್ಟೆತ್ತರದ ಫ್ಯಾನ್ ಮೇಲೆ ಹತ್ತಿ ಕುಂತಿರ್ತಾನೆ. ಮನೇಲಿ ಫ್ಯಾನ್ ಕೆಟ್ಟು ಮೂರು ತಿಂಗ್ಳಾತು, ಅದನ್ನ ಮುಟ್ಟಲ್ಲ.’

‘ಅದಕ್ಕೇ ಹುಡುಗಿ ಕೇಳ್ತಿರಾದಾ ಅತ್ತಿಗೆ, ಫ್ಯಾನ್ ರಿಪೇರಿಗೆ?’ ಒಳಗಿನಿಂದ ಪಾರ್ವತಮ್ಮ.

ಎಲ್ಲರೂ ನಕ್ಕರು. ಕಾವ್ಯಶ್ರೀಯೂ ಸ್ವಲ್ಪ ನಕ್ಕಳು. ಆ ನಗು ನಿರಂಜನನಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಊರ ಹಿರಿಯ ಕಾಟಲಿಂಗಪ್ಪ ಕಂಬಳಿಯ ಮೇಲೆ ಕೂತು ವೀಳ್ಯದೆಲೆಗಳನ್ನು ತೊಟ್ಟು ಒಂದೇ ಕಡೆ ಬರುವಂತೆ ಜೋಡಿಸತೊಡಗಿದ. ಅವರ ಕುಲದಲ್ಲಿ ಹೆಣ್ಣು ಕೊಡುವುದು ಬಾಯಿಮಾತಿನಿಂದ. ಬರೆದು ಕೊಟ್ಟರೆ ನಡೆಯದು, ತಲೆಯಾಡಿಸಿದರೆ ನಡೆಯದು. ಹಿರಿಯ ಕೇಳಬೇಕು, ಹಡೆದವನು ಹತ್ತು ಜನರ ಕಿವಿಗೆ ಬೀಳುವಂತೆ ಕೊಟ್ಟೆ ಎನ್ನಬೇಕು, ಆಮೇಲೆ ತಟ್ಟೆ ಕೈ ಬದಲಾಗಬೇಕು. ಒಮ್ಮೆ ಬದಲಾದರೆ ತಿರುಗಿ ಬರುವುದಿಲ್ಲ. ಮಾತು ಹೋದ ತಂದೆಯ ಮಗಳ ವೀಳ್ಯ ಕಾಟಲಿಂಗಪ್ಪನ ಕಾಲದಲ್ಲಿ ನಡೆದಿರಲಿಲ್ಲ.

‘ತಿಪ್ಪಯ್ಯ,’ ಎಂದ ಅವನು, ದನಿ ಎತ್ತಿ, ಮೇಷ್ಟ್ರಿಗೆ ಕಿವಿ ಕೇಳಿಸದೇನೋ ಎಂಬಂತೆ. ‘ನಿಮ್ಮಕ್ಕ ಮುದ್ದಕ್ಕ ವೀಳ್ಯ ತಂದವ್ಳೆ. ಅವಳ ಮಗ ಜಯಕುಮಾರಂಗೆ ನಿನ್ನ ಮಗಳು ಕಾವ್ಯಶ್ರೀನ ಕೊಟ್ಟೇನಪ್ಪಾ?’

ಮೇಷ್ಟ್ರ ಗಂಟಲಿನ ನರ ಉಬ್ಬಿತು. ತುಟಿ ಏನನ್ನೋ ಹುಡುಕಿತು, ಬೇರೆ ಬೇರೆ ಆಕಾರಕ್ಕೆ ಬಂತು.

‘ಬಟ್,’ ಎಂದರು.

ಜಯಕುಮಾರನೇ ಮೊದಲು ಬಾಯಿಬಿಟ್ಟ. ‘ಮಾವಂಗೆ ಇಷ್ಟ ಇಲ್ಲದಂಗೈತೆ ಅಂದ್ರೆ ಬ್ಯಾಡಮ್ಮ. ಬಲವಂತ ಬ್ಯಾಡ.’

‘ನೀನು ಸುಮ್ನಿರು,’ ಎಂದಳು ಮುದ್ದಕ್ಕ. ‘ಅವ್ನು ಇಂಗ್ಲೀಷಿನಾಗೆ ಹೂಂ ಅಂದವ್ನೆ.’

‘ಇಂಗ್ಲೀಷಿನ ಹೂಂ ನಂಗೂ ಗೊತ್ತೈತೆ ಮುದ್ದಕ್ಕ, ಅದು ಎಸ್ಸು,’ ಎಂದ ಕಾಟಲಿಂಗಪ್ಪ. ‘ಇದು ಬ್ಯಾರೆ. ನಿರಂಜನಪ್ಪ, ನೀನು ಹೇಳಪ್ಪ. ಕಾಲೇಜಿನಾಗೆ ಇದನ್ನೇ ಅಲ್ವಾ ನೀನು ಹೇಳ್ಕೊಡಾದು? ಏನಂದ್ರು ನಿಮ್ಮ ಮೇಷ್ಟ್ರು?’

ನಿರಂಜನ ಎದ್ದು ನಿಂತ. ಕೂತೇ ಹೇಳಬಹುದಿತ್ತು. ಆದರೂ ಎದ್ದ. ಎದುರಿಗೆ ಮೇಷ್ಟ್ರ ಕಣ್ಣು, ಏರಿಯ ಮೇಲಿದ್ದ ಅದೇ ಕಣ್ಣು.

‘ಆದರೆ ಅಂತ ಅರ್ಥ,’ ಎಂದ.

‘ಆದರೆ ಅಂದ್ರೆ ಬ್ಯಾಡ ಅಂತನಾ?’

‘ಹಂಗಲ್ಲ. ಬೇಡ ಅಂತಲೂ ಅಲ್ಲ, ಬೇಕು ಅಂತಲೂ ಅಲ್ಲ.’ ಅವನಿಗೆ ತನ್ನ ದನಿ ತರಗತಿಯಲ್ಲಿನ ದನಿಯಂತೆ ಕೇಳಿತು. ಅದರಿಂದ ಸ್ವಲ್ಪ ಧೈರ್ಯವೂ ಬಂತು, ಹಾಗಾಗಿ ಮುಂದುವರಿಸಿದ. ‘ಅದಕ್ಕೆ ತನ್ನದೇ ಅಂತ ತೂಕ ಇಲ್ಲ. ಎರಡು ಮಾತನ್ನ ಸೇರಿಸ್ತದೆ ಅಷ್ಟೇ. ಹಿಂದೊಂದು ಮಾತಿರಬೇಕು, ಮುಂದೊಂದು ಮಾತಿರಬೇಕು. ಎರಡೂ ಇದ್ರೆ ಬಟ್‌ಗೆ ಅರ್ಥ. ಒಂಟಿಯಾಗಿ ಅದು ಏನೂ ಹೇಳಲ್ಲ.’

ಕಾಟಲಿಂಗಪ್ಪ ಎಲೆಯ ಮೇಲೆ ಕೈಯಿಟ್ಟು ಯೋಚಿಸಿದ. ‘ಮುಂದಿನ ಮಾತು ಅವರಿಂದ ಆಗ್ತಿಲ್ಲ. ಅದು ಬಿಡು. ಹಿಂದಿನ ಮಾತು ಯಾವ್ದು?’

ಎಷ್ಟು ಸುಲಭದ ಪ್ರಶ್ನೆ. ಯಾವ ವಿದ್ಯಾರ್ಥಿಯೂ ಕೇಳಬಹುದಾದದ್ದು. ಹಿಂದಿನ ಮಾತು ಮೂರೇ ಪದದ್ದು, ಅದೂ ಅಚ್ಚ ಕನ್ನಡದ್ದು. ಅದನ್ನು ಕೇಳಿದವನು ಈ ಭೂಮಿಯ ಮೇಲೆ ಅವನೊಬ್ಬನೇ. ಹೇಳಿದರೆ ಮುದ್ದಕ್ಕನ ಬುಟ್ಟಿ ತಿರುಗಿ ಕಾರಿಗೆ ಹೋಗುತ್ತದೆ. ಹೇಳಿದರೆ ಯಾವಾಗ ಅಂದರು ಎನ್ನುತ್ತಾರೆ. ಆ ಸಂಜೆ ಎನ್ನಬೇಕು. ಹಳೆ ಪಾಠ ಅಂದಿದ್ದೆಯಲ್ಲ ಎನ್ನುತ್ತಾಳೆ ಬಾಗಿಲ ಬಳಿ ನಿಂತವಳು. ಬಿದ್ದ ಕೂಡಲೇ ಕರಕೊಂಡು ಬಂದೆ ಅಂದಿದ್ದೆಯಲ್ಲಪ್ಪ ಎನ್ನುತ್ತಾರೆ, ಕೈ ಕಣ್ಣಿಗೊತ್ತಿಕೊಂಡ ಆ ತಾಯಿ. ದನ ಹಾಯ್ದದ್ದು, ಧೂಳು ಇಳಿದದ್ದು, ಬಿಸಿಲು ಬಿಟ್ಟದ್ದು ಎಲ್ಲವೂ ಆ ಮೂರು ಪದದ ಬಾಲಕ್ಕೆ ಕಟ್ಟಿಕೊಂಡಿದ್ದವು. ಒಂದನ್ನು ಎಳೆದರೆ ಎಲ್ಲವೂ ಬರುತ್ತಿದ್ದವು.

‘ಗೊತ್ತಿಲ್ಲ,’ ಎಂದ.

‘ನಂಗೊತ್ತೈತೆ!’ ಮುದ್ದಕ್ಕ ಬುಟ್ಟಿಯ ಮೇಲಿನ ಕೈ ತೆಗೆದು ಮುಂದೆ ಬಂದಳು. ‘ಹಿಂದಿನ ಮಾತು ನಂಗೊತ್ತೈತೆ ಕಾಟಲಿಂಗಪ್ಪಣ್ಣ. ಇವಳು ತೊಟ್ಲಾಗಿದ್ಲು. ನಮ್ಮವ್ವ ಇನ್ನೂ ಬದುಕಿದ್ಲು. ಅಕ್ಕ, ಇದು ನಿನ್ನ ಮನಿಗೇ ಅಂದಿದ್ದ ಇವ್ನು. ನಗ್ತಾ ಅಂದಿದ್ನೋ ಹೆಂಗೆ ಅಂದಿದ್ನೋ, ಅಂದಿದ್ದ. ಇಲ್ಲ ಅನ್ನಲಿ ನೋಡಾಣ!’

‘ಬಟ್!’ ಎಂದರು ಮೇಷ್ಟ್ರು. ಈ ಸಲ ಜೋರಾಗಿ. ‘ಬಟ್! ಬಟ್!’ ಎಡಗೈ ಗಾಳಿಯಲ್ಲಿ ತಡಕಾಡಿದಾಗ ನಿರಂಜನನ ಮುಂಗೈ ಸಿಕ್ಕಿತು. ಹಿಡಿದುಕೊಂಡರು. ಇಡೀ ಮೈಯಲ್ಲಿ ಉಳಿದಿದ್ದ ಬಲವೆಲ್ಲ ಆ ಹಿಡಿತದಲ್ಲಿತ್ತು. ಕಣ್ಣಿನಿಂದ ನೀರು ಇಳಿದು ಜಾರಿದ ತುಟಿಯ ಕಡೆ ಹರಿಯಿತು. ಅವನನ್ನು ಅಲುಗಾಡಿಸಿದರು, ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಬಾಯಿಬಿಡದ ಹುಡುಗನನ್ನು ಅಲುಗಾಡಿಸುವಂತೆ. ‘ಬಟ್!’

‘ನೀರು, ನೀರು ಬೇಕೇನೋ,’ ಎಂದು ಪಾರ್ವತಮ್ಮ ಓಡಿ ಬಂದರು. ಲೋಟ ತುಟಿಗೆ ಹಿಡಿದರು. ನೀರು ಹೊಸ ಪಂಚೆಯ ಮೇಲೆ ಚೆಲ್ಲಿತು. ಅದು ಉದ್ದಕ್ಕೆ ಎಳೆದ ಬಟ್ ಅಲ್ಲ ಎಂದು ಅವರಿಗೂ ಗೊತ್ತಿತ್ತು. ಒಂದೊಂದಾಗಿ ಬೆರಳು ಬಿಡಿಸಿ ನಿರಂಜನನ ಕೈಯನ್ನು ಬಿಡಿಸಿಕೊಟ್ಟರು.

ಆಗ ಕಾವ್ಯಶ್ರೀ ಹಿತ್ತಾಳೆ ತಟ್ಟೆಯನ್ನು ಕೆಳಗಿಟ್ಟಳು. ‘ಅಜ್ಜ, ಸ್ವಲ್ಪ ತಡಿರಿ,’ ಎಂದು ಕಾಟಲಿಂಗಪ್ಪನಿಗೆ ಹೇಳಿ, ಎಲ್ಲರ ಮುಂದೆಯೇ, ‘ನಿರಂಜನ್, ಹಿತ್ಲಿಗೆ ಬಾ,’ ಎಂದಳು.

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು, ಮೇಷ್ಟ್ರ ಬಟ್ಟೆ ಹರವಿದ ತಂತಿ. ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗದೆ ನಿಂತಿದ್ದವು. ಅವಳು ಬಿಸಿಲಿಗೆ ಬೆನ್ನು ಕೊಟ್ಟು ಅವನ ಎದುರಿಗೆ ನಿಂತಳು.

‘ಅಪ್ಪ ನಿನ್ನ ಕೈ ಹಿಡ್ಕಂಡ್ರು. ಅಮ್ಮಂದಲ್ಲ, ನಂದಲ್ಲ, ಅತ್ತೇದಲ್ಲ.’

ಅವನು ಮುಂಗೈ ನೋಡಿಕೊಂಡ. ಬೆರಳ ಗುರುತು ಕೆಂಪಾಗಿತ್ತು.

‘ಎರಡು ವರ್ಷ ನಾನು ಕೇಳ್ಲಿಲ್ಲ. ಹೇಳ್ದಾಗ ಹೇಳ್ಲಿ ಅಂತ ಬಿಟ್ಟಿದ್ದೆ. ಅವತ್ತು ಏರಿ ಮ್ಯಾಲೆ ನೀನು ಅಪ್ಪನ್ನ ಕೇಳಿದ್ಯಾ, ಇಲ್ವಾ?’

ಅವನು ತಂತಿಯ ಮೇಲಿನ ಬಟ್ಟೆಯ ಕಡೆ ಕಣ್ಣು ತಿರುಗಿಸಿದ.

‘ನೋಡು, ನಂಗೆ ಅಪ್ಪನ ಒಪ್ಪಿಗೇನೂ ಬ್ಯಾಡ. ನಾನು ದುಡೀತೀನಿ, ನನ್ನ ಕಾಲ ಮೇಲೆ ನಿಂತೀನಿ. ನೀನು ಕೇಳಿದ್ದೆ ಅನ್ನು ಸಾಕು. ಬಾಯಿಬಿಟ್ಟು ಕೇಳಿದ್ದೆ ಅನ್ನು. ಈಗ್ಲೇ ಒಳಗೋಗಿ ಅತ್ತೆ ಕಾಲು ಹಿಡ್ಕಂತೀನಿ, ಬುಟ್ಟಿ ವಾಪಸ್ ಕಳಿಸ್ತೀನಿ. ಜಯಕುಮಾರ ಒಳ್ಳೇವ್ನು, ಅರ್ಥ ಮಾಡ್ಕಂತಾನೆ.’

ಹೇಳಬೇಕು ಎಂದುಕೊಂಡ. ಹೌದು ಎಂಬುದು ಎಷ್ಟು ಚಿಕ್ಕ ಮಾತು. ಆದರೆ ಹೌದು ಎಂದ ಮರುಗಳಿಗೆ ಅವಳು ಹುಬ್ಬು ಗಂಟಿಕ್ಕಿ, ಹಂಗಾದ್ರೆ ಅಪ್ಪ ಏನಂದ್ರು, ಆಮೇಲೆ ಏನಾತು ಎನ್ನುತ್ತಾಳೆ. ಲೆಕ್ಕದ ಮೇಡಂ, ಒಂದು ಹೆಜ್ಜೆಯನ್ನೂ ಬಿಡುವವಳಲ್ಲ. ಆ ಉತ್ತರ ಕೇಳಿದ ಮೇಲೆ ಅವಳು ತನ್ನನ್ನು ನೋಡುವ ಕಣ್ಣು ಹೇಗಿರಬಹುದು? ಅದನ್ನು ನೋಡುವುದಕ್ಕಿಂತ ಅವಳನ್ನು ಕಳೆದುಕೊಳ್ಳುವುದೇ ಹಗುರ ಎಂದು ಅವನಿಗೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಸಹ್ಯವಾದರೂ ಬಾಯಿ ತೆರೆಯಲಿಲ್ಲ. ಸುಮ್ಮನಿರುವುದರಲ್ಲಿ ಅವನಷ್ಟು ಪಳಗಿದವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಅವಳು ಕಾದಳು. ಅವನ ಮುಖವನ್ನೇ ನೋಡುತ್ತಾ ಕಾದಳು, ಒಂದು ಸಲವೂ ಬೇರೆ ಕಡೆ ತಿರುಗಲಿಲ್ಲ. ಒಳಗೆ ಯಾರೋ ಕೆಮ್ಮಿದರು. ಮುದ್ದಕ್ಕ, ‘ಎಷ್ಟೊತ್ತು ಅದು?’ ಎಂದದ್ದು ಕೇಳಿಸಿತು. ತಂತಿಯ ಮೇಲಿನ ಪಂಚೆಯಿಂದ ಹನಿ ಬೀಳುವುದು ನಿಂತಿತ್ತು.

‘ಅಪ್ಪನಿಗೆ ಮಾತು ಹೋಗೈತೆ,’ ಎಂದಳು ಕೊನೆಗೆ. ‘ನಿಂಗೇನಾಗೈತೆ?’

ಸೀರೆಯ ನೆರಿಗೆ ಎತ್ತಿ ಹಿಡಿದು, ಹೊಸ್ತಿಲು ದಾಟಿ ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಹಾಕಿದ್ದರೆ ಆಮೇಲಿನದು ಅವನ ಕಿವಿಗೆ ಬೀಳುತ್ತಿರಲಿಲ್ಲ.

‘ಅಮ್ಮ, ಅಪ್ಪನ ಬದಲು ನೀನೇ ಹೇಳು,’ ಎಂದಳು ಅವಳು.

‘ಹಡೆದೋಳು ಹೇಳಬಹುದು,’ ಎಂದ ಕಾಟಲಿಂಗಪ್ಪ, ತನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದವನಂತೆ. ‘ಯಾಕಾಗಬಾರದು? ಪಾರ್ವತಮ್ಮ, ಕೊಟ್ಟೇನಮ್ಮಾ?’

ಪಾರ್ವತಮ್ಮನ ದನಿ ತಡವಾಗಿ, ಸಣ್ಣದಾಗಿ ಬಂತು. ‘ಕೊಟ್ಟೆ.’

ಮೇಷ್ಟ್ರು ಈ ಸಲ ಏನೂ ಅನ್ನಲಿಲ್ಲ.

ಮುದ್ದಕ್ಕ ಗಟ್ಟಿಯಾಗಿ ಅಳುತ್ತಾ ಸೋಬಾನೆಯ ಮೊದಲ ಸಾಲು ಎತ್ತಿಕೊಂಡಳು. ನಿರಂಜನ ಒಗೆಯುವ ಕಲ್ಲಿನ ಮೇಲೆ ಕೂತ. ಮೇಷ್ಟ್ರು ‘ನಂದೇನೂ ಅಡ್ಡಿ ಇಲ್ಲಪ್ಪ’ ಎಂದಿದ್ದರು, ಅದಾದ ಮೇಲೆ ಅವರು ಸುಮ್ಮನಾದಾಗ ತಾನು ತಿರುಗಿ ನೋಡದೆ, ಅವರನ್ನು ಮುಟ್ಟದೆ, ಮುಂದಿನ ಮಾತಿಗಾಗಿ ಕಾಯುತ್ತಾ ಕೂತಿದ್ದೆ ಎಂಬುದನ್ನು ಅವನು ಕಾವ್ಯಶ್ರೀಗೆ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.